ಭರ್ತಿಯಾದ ಮೇಲಿನ 31 ವಾರ

ಮಹಾರಾಷ್ಟ್ರ ಗಡಿಯ ಜತ್ತ ತಾಲೂಕಿನ ಯಾವ ಊರಿಗೆ ಹೋದರೂ ನಸುಕಿನಲ್ಲಿ ರಸ್ತೆ ಖಾಲಿ ಇರುವುದಿಲ್ಲ. ಉಮದಿ, ಸಂಖ, ಗುಡ್ಡಾಪುರದ ಕಡೆ ಐದು ಗಂಟೆಯ ಕತ್ತಲಲ್ಲೇ ಹುಡುಗರು ಓಡುತ್ತಿರುತ್ತಾರೆ. ಕೆಲವರದು ಪೊಲೀಸ್ ಭರ್ತಿ, ಹೆಚ್ಚಿನವರದು ಮಿಲ್ಟ್ರಿ ಭರ್ತಿ, ಬಹಳಷ್ಟು ಮಂದಿಯದು ಎರಡೂ. ಯಾರನ್ನೇ ನಿಲ್ಲಿಸಿ ಕೇಳಿ, 1.6 ಕಿಲೋಮೀಟರ್ ಓಟಕ್ಕೆ ತನಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ಸೆಕೆಂಡಿನ ಲೆಕ್ಕದಲ್ಲಿ ಹೇಳುತ್ತಾನೆ. ಭರ್ತಿಯಾದ ಮೇಲೆ ಮೊದಲ ತಿಂಗಳು ಏನು ನಡೆಯುತ್ತದೆ ಎಂದು ಕೇಳಿದರೆ ಮಾತ್ರ "ಟ್ರೇನಿಂಗ್ ಇರ್ತೈತ್ರಿ" ಅನ್ನುವಲ್ಲಿಗೆ ಮಾತು ಮುಗಿಯುತ್ತದೆ. ಯಾರ ಕೈಕೆಳಗೆ ಇರುತ್ತೇನೆ, ತೋಳಿನ ಮೇಲೆ ಎರಡು ಪಟ್ಟಿ ಇದ್ದವನಿಗೂ ಮೂರು ಪಟ್ಟಿ ಇದ್ದವನಿಗೂ ಏನು ವ್ಯತ್ಯಾಸ, ಕಾಲು ನೋಯಲು ಶುರುವಾದರೆ ಯಾರಿಗೆ ಹೇಳಬೇಕು, ಇವು ಅವನ ತಲೆಗೆ ಬಂದೇ ಇರುವುದಿಲ್ಲ. ಹೇಳುವವರೂ ಇಲ್ಲ.

ಇದು ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ. ಗ್ರೌಂಡ್, ಅಂದರೆ ಭರ್ತಿಯ ಮೈದಾನ ಪರೀಕ್ಷೆ, ಒಂದು ಬೆಳಗಿನ ಕೆಲಸ. ನಾಲ್ಕು ವರ್ಷಕ್ಕೆಂದು ಸೇನೆಗೆ ಸೇರುವ ಅಗ್ನಿವೀರನ ತರಬೇತಿ 31 ವಾರ, ಅದರಲ್ಲಿ ಮೊದಲ 10 ವಾರ ಮೂಲ ತರಬೇತಿ, ಉಳಿದ 21 ವಾರ ಮುಂದಿನ ಹಂತದ್ದು. ಆ ಒಂದು ಬೆಳಗಿಗಾಗಿ ನಮ್ಮ ಹುಡುಗರು ಎರಡು ಮೂರು ವರ್ಷ ಕೊಡುತ್ತಾರೆ, 31 ವಾರಕ್ಕಾಗಿ ಒಂದು ದಿನವನ್ನೂ ಕೊಡುವುದಿಲ್ಲ. ತರಬೇತಿ ಸೆಂಟರಿನಲ್ಲಿ ಹಿಂದೆ ಬೀಳುವವರು ಧೈರ್ಯ ಸಾಲದೆ ಬೀಳುವುದು ಕಡಿಮೆ. ಹಿಮ್ಮಡಿಯ ಗುಳ್ಳೆ, ಮೊಣಕಾಲಿನ ಕೆಳಗಿನ ಎಲುಬು, ಅರ್ಥವಾಗದ ಹಿಂದಿ, ಸಾಲದ ನಿದ್ದೆ ಇವುಗಳಿಂದ ಬೀಳುವವರೇ ಹೆಚ್ಚು. ಇವೆಲ್ಲ ಮೊದಲೇ ಗೊತ್ತಿದ್ದರೆ ತಪ್ಪಿಸಬಹುದಾದವು.

ಗಡಿಯ ಈಚೆಯ ಎರಡು ಸೆಂಟಿಮೀಟರ್

ತರಬೇತಿಗೆ ಹೋಗುವ ಮುನ್ನ ಗಡಿಯವರಿಗೇ ಸೇರಿದ ಒಂದೆರಡು ಮಾತು. ಜತ್ತ ಸಾಂಗ್ಲಿ ಜಿಲ್ಲೆಯಲ್ಲಿರುವುದರಿಂದ ಇಲ್ಲಿಯ ಹುಡುಗ ಕೊಲ್ಹಾಪುರದ ಸೇನಾ ಭರ್ತಿ ಕಚೇರಿಗೆ ಸೇರುತ್ತಾನೆ. ಮಹಾರಾಷ್ಟ್ರದವರಿಗೆ ಜನರಲ್ ಡ್ಯೂಟಿಗೆ ಬೇಕಾದ ಎತ್ತರ 168 ಸೆಂಟಿಮೀಟರ್. ಅಥಣಿಯಲ್ಲಿರುವ ಅವನ ಸೋದರಮಾವನ ಮಗ ಕರ್ನಾಟಕದವನು, ಅವನಿಗೆ 166 ಸಾಕು. ಮನೆಯಲ್ಲಿ ಒಂದೇ ಭಾಷೆ, ಒಂದೇ ರೊಟ್ಟಿ, ಅಳತೆ ಮಾತ್ರ ಬೇರೆ. 167 ಇರುವ ಹುಡುಗನೊಬ್ಬ ಇದು ಗೊತ್ತಿಲ್ಲದೆ ವರ್ಷಗಟ್ಟಲೆ ಓಡಿ, ಅಳತೆಯ ಕೋಲಿನ ಕೆಳಗೆ ನಿಂತಾಗ ಹೊರಬೀಳುತ್ತಾನೆ. ಆದ್ದರಿಂದ ಓಟ ಶುರು ಮಾಡುವ ಮೊದಲು ಬರಿಗಾಲಲ್ಲಿ, ಗೋಡೆಗೆ ಹಿಮ್ಮಡಿ ತಾಗಿಸಿ ಅಳತೆ ನೋಡಿ. ಬೆನ್ನುಹುರಿಯ ಡಿಸ್ಕುಗಳು ದಿನವಿಡೀ ಒತ್ತಿಕೊಳ್ಳುವುದರಿಂದ ಸಂಜೆಯ ಎತ್ತರ ಬೆಳಗಿನದಕ್ಕಿಂತ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಕಡಿಮೆ ಬರುತ್ತದೆ, ಅದೂ ನೆನಪಿರಲಿ. ಎದೆ 77 ಸೆಂಟಿಮೀಟರ್, ಉಸಿರು ತುಂಬಿದಾಗ ಇನ್ನೂ 5 ಹಿಗ್ಗಬೇಕು.

ಇನ್ನೊಂದು ಹೆಸರಿನ ತೊಡಕು. ಕನ್ನಡ ಶಾಲೆಯ ದಾಖಲೆಯಲ್ಲಿ ಒಂದು ಬಗೆ, ಹತ್ತನೆಯ ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು, ಆಧಾರದಲ್ಲಿ ಮರಾಠಿಯಿಂದ ಬಂದ ಇಂಗ್ಲಿಷ್ ಕಾಗುಣಿತ. ತಂದೆಯ ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚುಕಡಿಮೆಯಾದರೂ ಕಾಗದ ಪರಿಶೀಲನೆಯಲ್ಲಿ ತಡೆಯುತ್ತಾರೆ. ಹತ್ತನೆಯ ಅಂಕಪಟ್ಟಿಯನ್ನೇ ಮೂಲವಾಗಿ ಹಿಡಿದು ಉಳಿದವನ್ನು ಅದಕ್ಕೆ ಹೊಂದಿಸಿಕೊಳ್ಳಬೇಕು. ಸರಪಂಚರಿಂದ ಬರುವ ನಡತೆಯ ಪತ್ರ ಮತ್ತು ಅವಿವಾಹಿತ ಪತ್ರ ಆರು ತಿಂಗಳೊಳಗಿನವು ಇರಬೇಕು, ಹಳೆಯವು ನಡೆಯುವುದಿಲ್ಲ.

ಲೇಖಿ ಪರೀಕ್ಷೆ 2023ರಿಂದ ಮೊದಲಿಗೆ ಬಂದಿದೆ, ಗ್ರೌಂಡ್ ಆಮೇಲೆ. 2025ರಿಂದ ಅದನ್ನು 13 ಭಾಷೆಗಳಲ್ಲಿ ಬರೆಯಬಹುದು, ಕನ್ನಡವೂ ಇದೆ, ಮರಾಠಿಯೂ ಇದೆ. ಕನ್ನಡ ಶಾಲೆಯಲ್ಲಿ ಓದಿದವರು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ತಿಣುಕುವ ಅಗತ್ಯ ಈಗ ಇಲ್ಲ. ಗ್ರೌಂಡಿನಲ್ಲಿ 5 ನಿಮಿಷ 30 ಸೆಕೆಂಡಿನೊಳಗೆ ಓಡಿದರೆ 60 ಅಂಕ, ಬೀಮಿಗೆ ಜೋತು ಗದ್ದ ಮೇಲೆ ಬರುವಂತೆ 10 ಸಲ ಎಳೆದುಕೊಂಡರೆ 40. ಒಂಬತ್ತು ಅಡಿಯ ಕಂದಕ ಹಾರುವುದಕ್ಕೂ ಅಂಕುಡೊಂಕು ಪಟ್ಟಿಯ ಮೇಲೆ ನಡೆಯುವುದಕ್ಕೂ ಅಂಕವಿಲ್ಲ, ಪಾಸಾದರೆ ಆಯಿತು. ಇಷ್ಟು ಎಲ್ಲ ಅಕಾಡೆಮಿಯವರೂ ಬಲ್ಲರು.

ಹತ್ತು ಕಲ್ಲು

ನಮ್ಮ ಕಡೆ ರಜೆಗೆ ಬಂದವರೆಲ್ಲ 'ಮಿಲ್ಟ್ರಿಯವರು'. ಸಿಪಾಯಿಯೂ ಸುಬೇದಾರನೂ ಒಂದೇ ಲೆಕ್ಕ. ಊರಿನವರ ಪ್ರೀತಿಗೆ ಅದು ಸಾಕು, ಆದರೆ ಸೇರಲಿರುವ ಹುಡುಗನಿಗೆ ಸಾಲದು.

ದರ್ಜೆ ಎಂದರೇನು ಎಂಬುದನ್ನು ನಿವೃತ್ತ ಹವಾಲ್ದಾರರೊಬ್ಬರು ಗುಡಿಯ ಕಟ್ಟೆಯ ಮೇಲೆ ಹುಡುಗನಿಗೆ ಹೇಳಿಕೊಟ್ಟದ್ದು ಇನ್ನೂ ಕಣ್ಣ ಮುಂದಿದೆ. ಹುಡುಗ ಕೇಳಿದ್ದು ಸರಳವಾದ ಪ್ರಶ್ನೆ: "ಕಾಕಾ, ಹವಾಲ್ದಾರ ಅಂದ್ರ ಪಗಾರ ಎಷ್ಟು ಹೆಚ್ಚ ಆಗ್ತೈತಿ?" ಅವರು ಪಗಾರದ ಮಾತು ಎತ್ತಲಿಲ್ಲ. ಕಟ್ಟೆಯ ಕೆಳಗಿನಿಂದ ಹತ್ತು ಹರಳುಕಲ್ಲು ಆರಿಸಿ ಸಾಲಾಗಿ ಇಟ್ಟರು. ಒಂದನ್ನು ಮುಂದಕ್ಕೆ ಸರಿಸಿದರು. "ಇವ ಮೂರು ಪಟ್ಟಿ. ಉಳದ ಒಂಬತ್ತು ಮಂದಿ ಇವನ ಕೈಯಾಗ. ಯಾರ ಕಾಲಾಗ ಗುಳ್ಳಿ ಎದ್ದೈತಿ, ಯಾರ ಮನ್ಯಾಗ ಅವ್ವಗ ಆರಾಮಿಲ್ಲ, ಯಾರ ಹತ್ತೇಕ ಎಷ್ಟು ಗುಂಡು ಉಳದಾವು, ಎಲ್ಲಾ ಇವಗ ಗೊತ್ತಿರಬೇಕು ತಮ್ಮಾ. ಪಗಾರ ಅದಕ್ಕ ಕೊಡ್ತಾರ." ಇನ್ನೊಂದು ಕಲ್ಲನ್ನು ಸಾಲಿನ ಕೊನೆಗಿಟ್ಟು, "ಇವ ಎರಡು ಪಟ್ಟಿ. ಮೂರು ಪಟ್ಟಿಯವ ಬಿದ್ರ ಇವ ಎದ್ದು ನಿಲ್ಲಬೇಕು" ಅಂದರು.

ಪದಾತಿ ದಳದ ಲೆಕ್ಕ ಅಷ್ಟೇ. ಹತ್ತು ಜನರದು ಒಂದು ಸೆಕ್ಷನ್, ಅದಕ್ಕೆ ಹವಾಲ್ದಾರ, ಅವನ ಬೆನ್ನಿಗೆ ನಾಯಕ್. ಮೂರು ಸೆಕ್ಷನ್ ಸೇರಿದರೆ ಪ್ಲಟೂನ್, ಮೂರು ಪ್ಲಟೂನಿಗೆ ಒಂದು ಕಂಪನಿ, ಪಲ್ಟನ್ನಿನಲ್ಲಿ, ಅಂದರೆ ಬೆಟಾಲಿಯನ್ನಿನಲ್ಲಿ, ನಾಲ್ಕು ರೈಫಲ್ ಕಂಪನಿ. ಸಿಪಾಯಿಗೆ ಪಟ್ಟಿ ಇಲ್ಲ. ಲ್ಯಾನ್ಸ್ ನಾಯಕನಿಗೆ ಒಂದು, ನಾಯಕನಿಗೆ ಎರಡು, ಹವಾಲ್ದಾರನಿಗೆ ಮೂರು. ಅಲ್ಲಿಂದ ಮೇಲೆ ಗುರುತು ತೋಳು ಬಿಟ್ಟು ಹೆಗಲಿಗೆ ಏರುತ್ತದೆ. ನಾಯಬ್ ಸುಬೇದಾರನಿಗೆ ಒಂದು ನಕ್ಷತ್ರ, ಸುಬೇದಾರನಿಗೆ ಎರಡು, ಸುಬೇದಾರ್ ಮೇಜರನಿಗೆ ಅಶೋಕ ಸ್ತಂಭ, ಮೂವರಿಗೂ ಜೊತೆಗೆ ಒಂದು ಬಣ್ಣದ ಅಡ್ಡಪಟ್ಟಿ. ಈ ಮೂವರೂ ಜೆಸಿಓಗಳು (ಜೂನಿಯರ್ ಕಮಿಷನ್ಡ್ ಆಫೀಸರ್). ಆ ಅಡ್ಡಪಟ್ಟಿ ನೋಡಿಯೇ ಜೆಸಿಓ ಯಾರು, ಅಧಿಕಾರಿ ಯಾರು ಎಂದು ತಿಳಿಯಬೇಕು. ಜೆಸಿಓಗಳನ್ನು ಜವಾನರೂ ಅಧಿಕಾರಿಗಳೂ 'ಸಾಬ್' ಎಂದೇ ಕರೆಯುತ್ತಾರೆ. ಊರಲ್ಲಿ ಕೆಲವರ ಹೆಸರಿನ ಮುಂದೆ ಕಾಣುವ 'ಆನರರಿ ಕ್ಯಾಪ್ಟನ್' ಎಂಬುದು ದೀರ್ಘ ಸೇವೆಯ ಜೆಸಿಓಗಳಿಗೆ ಜನವರಿ 26ರಂದೋ ಆಗಸ್ಟ್ 15ರಂದೋ ಕೊಡುವ ಗೌರವ. ಸಿಪಾಯಿಯಾಗಿ ಸೇರಿ ಅಲ್ಲಿವರೆಗೆ ಏರಿದವರು ನಿಜಕ್ಕೂ ದೊಡ್ಡವರು.

ಹೆಸರುಗಳು ದಳಕ್ಕೆ ತಕ್ಕಂತೆ ಬದಲಾಗುತ್ತವೆ. ತೋಪಖಾನೆಯಲ್ಲಿ ಸಿಪಾಯಿ ಗನ್ನರ್, ಇಂಜಿನಿಯರ್ಸ್‌ನಲ್ಲಿ ಸ್ಯಾಪರ್, ಟ್ಯಾಂಕಿನವರಲ್ಲಿ ಸವಾರ್. ಟ್ಯಾಂಕಿನ ದಳದಲ್ಲಿ ಹವಾಲ್ದಾರನಿಗೆ ದಫೇದಾರ್, ಸುಬೇದಾರನಿಗೆ ರಿಸಾಲ್ದಾರ್ ಎನ್ನುತ್ತಾರೆ. ಹೊಸಬರು ಗೊಂದಲ ಮಾಡಿಕೊಳ್ಳುವುದು ಸಿಎಚ್‌ಎಂ ಮತ್ತು ಸಿಕ್ಯೂಎಂಎಚ್ ವಿಷಯದಲ್ಲಿ. ಇವು ದರ್ಜೆಯಲ್ಲ, ಹವಾಲ್ದಾರನಿಗೆ ಕೊಡುವ ಜವಾಬ್ದಾರಿ. ಕಂಪನಿ ಹವಾಲ್ದಾರ್ ಮೇಜರ್ ಶಿಸ್ತು, ಪಹರೆ, ಫಾಲ್-ಇನ್ ನೋಡುತ್ತಾನೆ. ಕಂಪನಿ ಕ್ವಾರ್ಟರ್ ಮಾಸ್ಟರ್ ಹವಾಲ್ದಾರ್ ಬಟ್ಟೆ, ಬೂಟು, ರೇಷನ್ ನೋಡುತ್ತಾನೆ. ಬೂಟು ಕಾಲಿಗೆ ಹಿಡಿಯುತ್ತಿದ್ದರೆ ಹೋಗಬೇಕಾದದ್ದು ಎರಡನೆಯವನ ಹತ್ತಿರ, ಅದೂ ತರಬೇತಿ ಕೊಡುವ ತನ್ನ ಉಸ್ತಾದನ ಮೂಲಕ. ಅಗ್ನಿವೀರ ಎಂಬುದು ಇವೆಲ್ಲಕ್ಕಿಂತ ಬೇರೆಯದೇ ದರ್ಜೆ, ಬೇರೆ ಗುರುತು.

ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿ ಸೆಂಟರ್ ನಮಗೆ ಹತ್ತಿರದ್ದು, ನಮ್ಮ ಹಿರಿಯರು ಬಹಳ ಮಂದಿ ಅಲ್ಲಿಂದಲೇ ಹೊರಬಂದವರು. ಆ ರೆಜಿಮೆಂಟಿನ ಹುಟ್ಟು 1768ರದು. ಎರಡನೆಯ ಮಹಾಯುದ್ಧದಲ್ಲಿ ಅದರ ಇಬ್ಬರಿಗೆ ವಿಕ್ಟೋರಿಯಾ ಕ್ರಾಸ್ ಬಂತು, ಇಬ್ಬರೂ ಇಟಲಿಯಲ್ಲಿ ಕಾದಿದವರು. ಯಶವಂತ ಘಾಡ್ಗೆ ನಾಯಕ್, ನಾಮದೇವ ಜಾಧವ್ ಸಿಪಾಯಿ. 1944ರ ಜುಲೈ 10ರಂದು ಘಾಡ್ಗೆಯವರ ಸೆಕ್ಷನ್ ಮಶೀನ್‌ಗನ್ನಿನ ಗುಂಡಿಗೆ ಸಿಕ್ಕಿ ಅವರೊಬ್ಬರನ್ನು ಬಿಟ್ಟು ಎಲ್ಲರೂ ಸತ್ತರು ಅಥವಾ ಗಾಯಗೊಂಡರು. ಅವರು ಒಬ್ಬರೇ ಆ ಮಶೀನ್‌ಗನ್ನಿನ ಮೇಲೆ ನುಗ್ಗಿ ಅದನ್ನು ಅಡಗಿಸಿ ಅಲ್ಲೇ ಪ್ರಾಣ ಬಿಟ್ಟರು. ತೋಳಿನ ಮೇಲೆ ಇದ್ದದ್ದು ಎರಡೇ ಪಟ್ಟಿ. ಹವಾಲ್ದಾರರು ಕಲ್ಲಿಟ್ಟು ತೋರಿಸಿದ ಹೊಣೆಯನ್ನು ಕೊನೆವರೆಗೆ ಹೊತ್ತರೆ ಹೀಗಿರುತ್ತದೆ.

ಮೊದಲ ಎರಡು ವಾರ

ಸೆಂಟರಿಗೆ ಕಾಲಿಟ್ಟ ಮೇಲಿನ ದಿನಗಳು ಕಾಗದಪತ್ರ, ತಲೆಗೂದಲು, ಮರುಪರೀಕ್ಷೆ, ಬ್ಯಾಂಕ್ ಖಾತೆ, ನಾಮಿನಿಯ ಹೆಸರು, ಕಿಟ್ ಪಡೆಯುವುದು ಇವುಗಳಲ್ಲೇ ಹೋಗುತ್ತವೆ. ಕರಿ ಟ್ರಂಕಿನ ಮೇಲೆ ನಂಬರು, ಹೆಸರು ಬಿಳಿ ಬಣ್ಣದಲ್ಲಿ ಬರೆಯುತ್ತಾರೆ. ಇನ್ನು ಮುಂದೆ ಎಲ್ಲ ಸೀಟಿಯ ಮೇಲೆ. ಸೀಟಿ ಬಿದ್ದಾಗ ಸಾಲಿನಲ್ಲಿ ಇರುವುದಲ್ಲ, ಐದು ನಿಮಿಷ ಮೊದಲೇ ಇರುವುದು ರೂಢಿ. ಒಬ್ಬ ತಡ ಮಾಡಿದರೆ ರಗಡಾ, ಅಂದರೆ ಮೈ ದಣಿಸುವ ಶಿಕ್ಷೆ, ಪೂರ್ತಿ ಸ್ಕ್ವಾಡಿಗೆ ಬೀಳುತ್ತದೆ. ಹೊಸಬರಿಗೆ ಅದು ಅನ್ಯಾಯ ಅನ್ನಿಸುತ್ತದೆ. ಆದರೆ ಹತ್ತು ಜನರ ಸೆಕ್ಷನ್ನಿನಲ್ಲಿ ಒಬ್ಬನ ತಪ್ಪು ಒಂಬತ್ತು ಮಂದಿಗೆ ತಾಗುತ್ತದೆ ಎಂಬುದು ಮೈಗೆ ಹತ್ತುವುದೇ ಹೀಗೆ.

ನಮ್ಮ ಗಡಿಯ ಹುಡುಗರಿಗೆ ಇಲ್ಲಿ ಒಂದು ಅನುಕೂಲವಿದೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಗಲೇ ಬಾಯಲ್ಲಿದೆ. ಆದರೂ ಡ್ರಿಲ್ಲಿನ ಹಿಂದಿ ಬೇರೆ. ಹುಕುಂ ಎರಡು ತುಂಡಾಗಿ ಬರುತ್ತದೆ, ಮೊದಲಿನದು ಏನು ಮಾಡಬೇಕೆಂದು ಹೇಳುತ್ತದೆ, ಎರಡನೆಯದು ಯಾವಾಗ ಎಂದು. 'ದಾಹಿನೇ' ಎಂದಾಗ ಅಲುಗಾಡಬಾರದು, 'ಮುಡ್' ಎಂದಾಗ ತಿರುಗಬೇಕು. ಮೊದಲ ತುಂಡಿಗೇ ತಿರುಗುವವರು ಪ್ರತಿ ಸ್ಕ್ವಾಡಿನಲ್ಲೂ ಇರುತ್ತಾರೆ. ಸಾವಧಾನ್, ವಿಶ್ರಾಮ್, ದಾಹಿನೇ ಮುಡ್, ಬಾಯೇಂ ಮುಡ್, ಪೀಛೇ ಮುಡ್, ತೇಜ್ ಚಲ್, ಥಮ್, ಸೆಲ್ಯೂಟ್ ಇಷ್ಟನ್ನು ಮನೆಯಲ್ಲೇ ಗಟ್ಟಿಯಾಗಿ ಕೇಳಿ ಮಾಡಿ ಅಭ್ಯಾಸ ಮಾಡಿಕೊಂಡರೆ ಮೊದಲ ವಾರದ ಅರ್ಧ ಗೊಂದಲ ಇರುವುದಿಲ್ಲ. ಸಾವಧಾನದಲ್ಲಿ ಹಿಮ್ಮಡಿ ಎರಡೂ ಕೂಡಿ, ಹೆಬ್ಬೆರಳುಗಳ ನಡುವೆ 30 ಡಿಗ್ರಿ ಕೋನ. ವಿಶ್ರಾಮದಲ್ಲಿ ಎಡಗಾಲು 6 ಇಂಚು ಎತ್ತಿ, 12 ಇಂಚು ಪಕ್ಕಕ್ಕೆ. ತೇಜ್ ಚಲ್‌ಗೆ ಹೆಜ್ಜೆ 30 ಇಂಚು, ನಿಮಿಷಕ್ಕೆ 120 ಹೆಜ್ಜೆ. ಹೊಲದ ಬದುವಿನ ಮೇಲೆ ನಡೆದು ಬೆಳೆದವರ ಹೆಜ್ಜೆ ಇಷ್ಟು ಒಂದೇ ಸಮ ಇರುವುದಿಲ್ಲ. ಅಂಗಳದಲ್ಲಿ 30 ಇಂಚಿಗೊಂದು ಸುಣ್ಣದ ಗೆರೆ ಎಳೆದು ನಡೆದರೆ ಕೆಲವೇ ದಿನದಲ್ಲಿ ಕಾಲಿಗೆ ಅಳತೆ ಹತ್ತುತ್ತದೆ.

ಕಾಲು

ಎಲ್ಲಕ್ಕಿಂತ ಹೆಚ್ಚು ಬರೆಯಬೇಕಾದದ್ದು ಇದನ್ನೇ. ತರಬೇತಿಯಲ್ಲಿ ಮೊದಲು ಕೈಕೊಡುವುದು ಕಾಲು.

ಗುಳ್ಳೆಯಿಂದ ಶುರು ಮಾಡೋಣ. ಹೊಸ ಬೂಟಿನ ಹಿಂಭಾಗ ಗಡುಸು, ಅದು ಹಿಮ್ಮಡಿಗೆ ಉಜ್ಜುತ್ತದೆ. ಕಾಲುಚೀಲ ಒದ್ದೆಯಿದ್ದರೆ ಚರ್ಮ ಮೆತ್ತಗಾಗಿ ಉಜ್ಜುವಿಕೆ ಹೆಚ್ಚುತ್ತದೆ. ಗುಳ್ಳೆ ಏಳುವ ಮುನ್ನ ಆ ಜಾಗ ಬಿಸಿಬಿಸಿ ಅನ್ನಿಸುತ್ತದೆ. ಆ ಬಿಸಿ ಕಂಡಾಗಲೇ ಚೀಲ ಬದಲಿಸಿ, ಒರೆಸಿ, ಪೌಡರ್ ಹಾಕಿ, ಜಾಗದ ಮೇಲೆ ಟೇಪ್ ಅಂಟಿಸಿದರೆ ಬಹುಪಾಲು ಅಲ್ಲಿಗೇ ನಿಲ್ಲುತ್ತದೆ. ಒಳಗೆ ತೆಳುವಾದ ಚೀಲ, ಮೇಲೆ ಉಣ್ಣೆಯದು ಹಾಕಿದರೆ ಉಜ್ಜುವಿಕೆ ಎರಡು ಚೀಲಗಳ ನಡುವೆ ಆಗುತ್ತದೆ, ಚರ್ಮ ಉಳಿಯುತ್ತದೆ. ಲೇಸನ್ನು ಪಾದದ ಮೇಲೆ ಸಡಿಲ, ಕಣಕಾಲಿನ ಹತ್ತಿರ ಬಿಗಿ ಕಟ್ಟಬೇಕು. ತಿರುವುಮುರುವು ಮಾಡಿದರೆ ಹಿಮ್ಮಡಿ ಒಳಗೆ ಮೇಲೆ ಕೆಳಗೆ ಜಾರುತ್ತದೆ. ಉಗುರು ನೇರವಾಗಿ ಕತ್ತರಿಸಿ, ಮೂಲೆ ದುಂಡಗೆ ಮಾಡಿದರೆ ಅದು ಮಾಂಸದೊಳಗೆ ಬೆಳೆಯುತ್ತದೆ. ಎದ್ದ ಗುಳ್ಳೆಯ ಚರ್ಮವನ್ನು ಮಾತ್ರ ಎಂದಿಗೂ ಕಿತ್ತು ಹಾಕಬೇಡಿ. ಎಂಐ ರೂಮಿಗೆ, ಅಂದರೆ ಸೆಂಟರಿನ ವೈದ್ಯಕೀಯ ಕೋಣೆಗೆ, ತೋರಿಸಿದರೆ ಅವರು ಶುದ್ಧ ಸೂಜಿಯಿಂದ ನೀರು ತೆಗೆದು ಚರ್ಮ ಹಾಗೇ ಬಿಡುತ್ತಾರೆ.

ಜತ್ತದವರಿಗೆ ಇನ್ನೊಂದು ಎಚ್ಚರಿಕೆ ಬೇಕು. ನಮ್ಮದು ಬರದ ಸೀಮೆ, ಮಳೆ ಎಂದರೆ ಒಂದೆರಡು ದಿನದ ಸಂಗತಿ. ಬೆಳಗಾವಿಯ ಜುಲೈ, ಆಗಸ್ಟ್ ಹಾಗಲ್ಲ. ವಾರಗಟ್ಟಲೆ ಜಿಟಿಜಿಟಿ, ಒಗೆದ ಬಟ್ಟೆ ಒಣಗುವುದಿಲ್ಲ. ಒದ್ದೆ ಚೀಲದಲ್ಲೇ ದಿನ ಕಳೆದರೆ ಬೆರಳ ಸಂದಿನಲ್ಲಿ ಚರ್ಮ ಬೆಳ್ಳಗಾಗಿ ಬಿರುಕು ಬಿಟ್ಟು ಬೂಷ್ಟಿನ ಸೋಂಕು ಹತ್ತುತ್ತದೆ. ರಾತ್ರಿ ಮಲಗುವಾಗ ಪಾದ ಪೂರ್ತಿ ಒಣಗಿರಬೇಕು, ಒಂದು ಜೊತೆ ಒಣ ಚೀಲ ಯಾವಾಗಲೂ ಟ್ರಂಕಿನಲ್ಲಿ ಮುಟ್ಟದೆ ಇರಬೇಕು.

ಇದಕ್ಕಿಂತ ದೊಡ್ಡದು ಮೊಣಕಾಲ ಕೆಳಗಿನ ಎಲುಬಿನ ನೋವು. ಆ ಹವಾಲ್ದಾರರೇ ಇನ್ನೊಮ್ಮೆ ಓಡಿ ಬಂದ ಹುಡುಗನ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಹೆಬ್ಬೆರಳಿನಿಂದ ಎಲುಬಿನ ಒಳಅಂಚನ್ನು ಮೇಲಿನಿಂದ ಕೆಳಗೆ ಒಂದೊಂದೇ ಬೆರಳಿನಷ್ಟು ಒತ್ತುತ್ತಾ ಹೋದರು. ಗೇಣುದ್ದ ಜಾಗದಲ್ಲಿ ಹರಡಿಕೊಂಡ ನೋವು, ಓಟದ ಆರಂಭದಲ್ಲಿ ಇದ್ದು ಮೈ ಬಿಸಿಯಾದಂತೆ ಕಡಿಮೆಯಾಗುವುದು ಒಂದು ಬಗೆ. ಅದಕ್ಕೆ ವಿಶ್ರಾಂತಿ, ಮಂಜುಗಡ್ಡೆ, ಮೆತ್ತನೆಯ ನೆಲ ಸಾಕಾಗುತ್ತದೆ. ಒಂದೇ ಬಿಂದುವಿನಲ್ಲಿ ಬೆರಳಿಟ್ಟು ತೋರಿಸುವಂತೆ ನೋವು, ಓಡಿದಷ್ಟೂ ಹೆಚ್ಚುವುದು, ರಾತ್ರಿ ಮಲಗಿದಾಗಲೂ ಬಿಡದಿರುವುದು ಇನ್ನೊಂದು ಬಗೆ. ಅದು ಎಲುಬಿನ ಕೂದಲೆಳೆ ಬಿರುಕು, ಸ್ಟ್ರೆಸ್ ಫ್ರಾಕ್ಚರ್. ಇದರ ಮೋಸವೆಂದರೆ ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. "ಎಕ್ಸ್‌ರೇ ಚಲೋ ಐತಿ" ಎಂದು ಓಡುತ್ತಲೇ ಇದ್ದರೆ ಬಿರುಕು ಪೂರ್ತಿ ಮುರಿತವಾಗಬಹುದು.

ಕಾರಣ ಏನೆಂದರೆ, ಎಲುಬು ಹೊಸ ಭಾರಕ್ಕೆ ಹೊಂದಿಕೊಳ್ಳಲು ವಾರಗಳು ಬೇಕು. ಸ್ನಾಯುವೂ ಉಸಿರೂ ಅದಕ್ಕಿಂತ ಬೇಗ ತಯಾರಾಗುತ್ತವೆ. ಹುಡುಗನಿಗೆ ದಮ್ಮು ಇರುತ್ತದೆ, ಎಲುಬಿಗೆ ಇರುವುದಿಲ್ಲ. ಗ್ರೌಂಡಿಗಾಗಿ ಅವನು ಓಡಿದ್ದು ಬರಿ 1.6 ಕಿಲೋಮೀಟರ್, ಹಗುರ ಬೂಟಿನಲ್ಲಿ ಅಥವಾ ಬರಿಗಾಲಲ್ಲಿ. ಇಲ್ಲಿ ಬೆಳಗಿನಿಂದ ಸಂಜೆವರೆಗೆ ಭಾರದ ಬೂಟು, ಗಟ್ಟಿ ಮೈದಾನ, ಡ್ರಿಲ್ಲಿನ ಬಡಿತ. ಕಾಲಿಡುವಾಗ ಇಡೀ ಪಾದ ಒಮ್ಮೆಲೆ ನೆಲಕ್ಕೆ ಬೀಳಬೇಕು. ಶಬ್ದ ಜೋರಾಗಲೆಂದು ಹಿಮ್ಮಡಿ ಮಾತ್ರ ಬಡಿಯುವವನ ಪೆಟ್ಟು ನೇರವಾಗಿ ಎಲುಬಿಗೆ ಹೋಗುತ್ತದೆ. ಕೊನೆಗೆ ಬಿಪಿಇಟಿ ಎಂಬ ದೈಹಿಕ ಪರೀಕ್ಷೆ ಇದೆ. ಬೆನ್ನ ಮೇಲೆ ಯುದ್ಧದ ಸಾಮಾನು, ಕೈಯಲ್ಲಿ ರೈಫಲ್ ಹಿಡಿದು 5 ಕಿಲೋಮೀಟರ್, ಮೂವತ್ತರ ಒಳಗಿನವರಿಗೆ ಎಕ್ಸಲೆಂಟ್ ಬೇಕೆಂದರೆ 25 ನಿಮಿಷ. ಅದೇ ಒಂಬತ್ತು ಅಡಿ ಕಂದಕವೂ ಮತ್ತೆ ಬರುತ್ತದೆ, ಈ ಸಲ ಭಾರ ಹೊತ್ತು.

ನೋವನ್ನು ಮುಚ್ಚಿಡುವುದಕ್ಕೆ ಕಾರಣ ರೆಲಿಗೇಶನ್ನಿನ ಭಯ. ಹಲವು ದಿನ ತರಬೇತಿ ತಪ್ಪಿದರೆ ಹಿಂದಿನ ಬ್ಯಾಚಿಗೆ ಹಾಕುತ್ತಾರೆ, ಜೊತೆಗಾರರು ಮುಂದೆ ಹೋಗುತ್ತಾರೆ. ಊರಿಗೆ ಏನು ಹೇಳುವುದು ಎಂಬ ಸಂಕಟ ನಿಜವಾದದ್ದೇ. ಆದರೆ ಒಂದು ವಾರ ಸಿಕ್ ರಿಪೋರ್ಟ್ ಮಾಡಿದವನು ಸಾಮಾನ್ಯವಾಗಿ ತನ್ನ ಬ್ಯಾಚಿನಲ್ಲೇ ಉಳಿಯುತ್ತಾನೆ. ಮುಚ್ಚಿಟ್ಟು ಮುರಿದುಕೊಂಡವನು ತಿಂಗಳುಗಟ್ಟಲೆ ಕಳೆದುಕೊಳ್ಳುತ್ತಾನೆ. ಮನೆಯವರು ಫೋನಿನಲ್ಲಿ "ಗಟ್ಟಿ ಆಗು" ಎನ್ನುವ ಬದಲು "ಉಸ್ತಾದಗ ಹೇಳಿದೇನು?" ಎಂದು ಕೇಳಬೇಕು.

ರೈಫಲ್

ಹಥಿಯಾರ್ ಕೈಗೆ ಬಂದ ದಿನ ಎಲ್ಲರಿಗೂ ಗುಂಡು ಹಾರಿಸುವ ಆಸೆ. ಉಸ್ತಾದ ಮೊದಲು ಕಲಿಸುವುದು ಖಾಲಿ ಮಾಡುವುದನ್ನು. ನಳಿಗೆಯ ಬಾಯಿ ಸುರಕ್ಷಿತ ದಿಕ್ಕಿಗೆ, ಮ್ಯಾಗಜಿನ್ ಹೊರಗೆ, ಕಾಕಿಂಗ್ ಹ್ಯಾಂಡಲ್ ಹಿಂದಕ್ಕೆ ಎಳೆದು ಚೇಂಬರಿನೊಳಗೆ ಕಣ್ಣಿಂದ ನೋಡುವುದು. ಈ ಕ್ರಮ ತಪ್ಪಬಾರದು. ಮ್ಯಾಗಜಿನ್ ತೆಗೆಯದೆ ಹ್ಯಾಂಡಲ್ ಎಳೆದರೆ ಹಿಂದಿನ ಗುಂಡು ಹೊರಬಿದ್ದು ಹೊಸದು ಒಳಗೆ ಸೇರುತ್ತದೆ, ಹಿಡಿದವನು ಖಾಲಿಯಾಯಿತು ಅಂದುಕೊಳ್ಳುತ್ತಾನೆ. ಅಪಘಾತಗಳ ಹಿಂದೆ ಇರುವುದು ಬಹಳ ಸಲ ಇದೇ.

ಇನ್ಸಾಸ್ ರೈಫಲ್ 5.56 ಮಿಲಿಮೀಟರಿನದು, ಮ್ಯಾಗಜಿನ್ನಿನಲ್ಲಿ 20 ಗುಂಡು. ರೇಂಜಿನಲ್ಲಿ ಮೊದಲಿಗೆ ಗ್ರೂಪಿಂಗ್. ಐದು ಗುಂಡು ಎಲ್ಲಿ ಬಿದ್ದವು ಎಂಬುದಕ್ಕಿಂತ ಎಷ್ಟು ಹತ್ತಿರ ಬಿದ್ದವು ಎಂದು ನೋಡುತ್ತಾರೆ. ಗುಂಪು ಬಿಗಿಯಾಗಿದ್ದು ಪಕ್ಕದಲ್ಲಿ ಬಿದ್ದಿದ್ದರೆ ಸೈಟ್ ತಿರುಗಿಸಿ ಸರಿಮಾಡಬಹುದು. ಚದುರಿದ್ದರೆ ತಪ್ಪು ರೈಫಲ್ಲಿನದಲ್ಲ, ಹಿಡಿದವನದು. ಗುಂಡುಗಳು ಮೇಲೆ ಕೆಳಗೆ ಸಾಲಾಗಿ ಬಿದ್ದರೆ ಉಸಿರು ನಿಂತಿರಲಿಲ್ಲ ಎಂದರ್ಥ. ಅರ್ಧ ಉಸಿರು ಬಿಟ್ಟು ತಡೆದು ಟ್ರಿಗರ್ ಒತ್ತಬೇಕು. ಬಹಳ ಹೊತ್ತು ತಡೆದರೆ ಕಣ್ಣು ಮಂಜಾಗುತ್ತದೆ, ಆಗ ಬಿಟ್ಟು ಮತ್ತೆ ಮೊದಲಿಂದ.

ಫೈರಿಂಗ್ ಮುಗಿದ ದಿನವೇ ಸ್ವಚ್ಛ ಮಾಡಬೇಕು, ನಾಳೆಗೆ ಬಿಟ್ಟರೆ ಮಸಿ ನಳಿಗೆಯೊಳಗೆ ಗಟ್ಟಿಯಾಗಿ ತೇವ ಹಿಡಿಯುತ್ತದೆ. ಚಿಂದಿಯನ್ನು 4 ಇಂಚು ಉದ್ದ, 2 ಇಂಚು ಅಗಲ ಕತ್ತರಿಸಿ, ನಳಿಗೆಯೊಳಗಿಂದ ಒಂದೇ ಎಳೆತದಲ್ಲಿ, ನಡುವೆ ನಿಲ್ಲಿಸದೆ ತೆಗೆಯಬೇಕು. ಚಿಂದಿ ಬೆಳ್ಳಗೆ ಬರುವವರೆಗೆ ಮುಂದುವರಿಸಿ, ಆಮೇಲೆ ತೆಳ್ಳಗೆ ಎಣ್ಣೆ. ಎಣ್ಣೆ ಹೆಚ್ಚಾದರೆ ಧೂಳು ಹಿಡಿಯುತ್ತದೆ, ಹೀಗಾಗಿ ರೈಫಲ್ ಇಡುವ ಕೋಣೆಯಾದ 'ಕೋತ್'ನಲ್ಲಿ ಉಸ್ತಾದ ಎಣ್ಣೆ ಸುರಿದವನನ್ನೂ ಬಯ್ಯುತ್ತಾನೆ.

ಕಾಲ್ ಲೆಟರ್ ಬಂದ ಮೇಲೆ

ತರಬೇತಿಯ ಕೊನೆಗೆ ಕಸಮ್ ಪರೇಡ್. ನೆಲ, ನೀರು, ಆಕಾಶ ಯಾವ ದಾರಿಯಿಂದ ಕಳಿಸಿದರೂ ಹೋಗುತ್ತೇನೆ ಎಂಬ ಪ್ರಮಾಣ. ಆದರೆ ನಾಲ್ಕು ವರ್ಷದ ಲೆಕ್ಕ ಸೇರಿದ ದಿನದಿಂದಲೇ ಶುರುವಾಗಿರುತ್ತದೆ, ತರಬೇತಿಯೂ ಅದರೊಳಗೇ. ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ, ಅದರಲ್ಲಿ ಶೇ. 30 ಸೇವಾ ನಿಧಿಗೆ ಹೋಗಿ ಕೈಗೆ 21,000. ನಾಲ್ಕನೆಯ ವರ್ಷ 40,000, ಕೈಗೆ 28,000. ಹೊರಬರುವಾಗ ನಿಧಿ ಬಡ್ಡಿ ಸೇರಿ ಸುಮಾರು 11.71 ಲಕ್ಷ, ಪೆನ್ಶನ್ ಇಲ್ಲ. ಬ್ಯಾಚಿನ ಶೇ. 25ರವರೆಗಿನವರನ್ನು ಮಾತ್ರ ಮುಂದೆ ಕನಿಷ್ಠ 15 ವರ್ಷದ ಸೇವೆಗೆ ತೆಗೆದುಕೊಳ್ಳುತ್ತಾರೆ. ನಾಯಕ್, ಹವಾಲ್ದಾರ ಆಗುವ ದಾರಿ ತೆರೆಯುವುದು ಅವರಿಗೇ, ಅಲ್ಲೂ ಶಿಕ್ಷಣದ ಪ್ರಮಾಣಪತ್ರ, ಮ್ಯಾಪ್ ರೀಡಿಂಗ್, ಕೇಡರ್ (ಬಡ್ತಿಯ ಕೋರ್ಸ್), ಮೆಡಿಕಲ್ ಕೆಟಗರಿ ದಾಟಬೇಕು. ಮೊದಲ ವಾರದಲ್ಲಿ ಕೆಡಿಸಿಕೊಂಡ ಕಾಲು ಈ ಲೆಕ್ಕವನ್ನೆಲ್ಲ ತಿರುವಿ ಹಾಕಬಲ್ಲದು.

ಆದ್ದರಿಂದ ಕಾಲ್ ಲೆಟರ್ ಬಂದು ಹೊರಡುವವರೆಗೆ ಸಿಗುವ ದಿನಗಳಲ್ಲಿ ಊರೂರು ಸತ್ಕಾರಕ್ಕೆ ತಿರುಗುತ್ತ ಓಟ ಬಿಟ್ಟುಬಿಡಬೇಡಿ. ಕಣಕಾಲು ಮುಚ್ಚುವ ಬೂಟು ಕೊಂಡು ದಿನಕ್ಕೆ ಅರ್ಧ ಗಂಟೆ ನಡೆಯಿರಿ, ವಾರಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸಿ, ಬೆನ್ನಿಗೆ ಮೊದಲು ಐದು ಕಿಲೋ ಜೋಳದ ಚೀಲ ಕಟ್ಟಿ, ಆಮೇಲೆ ಎಂಟು. ಓಟವನ್ನು ಡಾಂಬರು ಬಿಟ್ಟು ಹೊಲದ ದಾರಿಗೆ ತನ್ನಿ. ಗುಂಡಿ ಹೊಲಿಯುವುದು, ಇಸ್ತ್ರಿ ಹಿಡಿಯುವುದು, ಹಾಸಿಗೆ ಮಡಿಸುವುದು ಅವ್ವನಿಂದ ಕಲಿಯಿರಿ. ಟ್ರಂಕಿನಲ್ಲಿ ನಾಲ್ಕು ಜೊತೆ ಹತ್ತಿಯ ತೆಳು ಕಾಲುಚೀಲ, ಕಾಲಿನ ಪೌಡರ್, ಬಟ್ಟೆಯ ಟೇಪ್, ಉಗುರು ಕತ್ತರಿ, ಸೂಜಿ ದಾರ, ಹತ್ತನೆಯ ಅಂಕಪಟ್ಟಿಯ ಮೂಲಪ್ರತಿ ಮತ್ತು ಅದರ ನಾಲ್ಕೈದು ಜೆರಾಕ್ಸ್ ಇರಲಿ.